ಸಾಹುಕಾರನ ಊಟ

ಮಾರ್ಚ್ 3, ಸೋಮವಾರ

ಏಳೂಮುಕ್ಕಾಲಿಗೆ ಕ್ಲಿನಿಕ್ಕಿನ ಬಾಗಿಲು ತೆಗೆದೆ. ದೀಪ, ಫ್ಯಾನು, ಕಂಪ್ಯೂಟರು, ಆಮೇಲೆ ಉಪ್ಪುನೀರಿನ ಮೀನಿನ ಟ್ಯಾಂಕು. ಎಂಟು ವರ್ಷದಿಂದ ಇದೇ ಕ್ರಮ. ಶನಿವಾರ ಸಂಜೆ ಗಾಜು ಉಜ್ಜಿ ಫಳಫಳ ಮಾಡಿ ಹೋಗಿದ್ದೆ. ಒಂದು ಭಾನುವಾರ ಕಳೆಯುವಷ್ಟರಲ್ಲಿ ಮತ್ತೆ ಹಸಿರು. ಕಲ್ಲುಗಳ ಮೇಲೆ ಕೂದಲಿನಂಥ ಪಾಚಿ, ಬೆರಳುದ್ದ. ಹವಳಗಳಲ್ಲಿ ಮೂರು ಮುದುಡಿಕೊಂಡು ಕೂತಿವೆ.

ಹಲ್ಲಿನ ಕ್ಲಿನಿಕ್ಕು, ಬ್ರಷ್ಷಿಗೇನೂ ಬರವಿಲ್ಲ. ಹಳೆಯದೊಂದು ತೆಗೆದುಕೊಂಡು ತಿಕ್ಕಿದೆ. ಚಿಮಟದಿಂದ ಕಿತ್ತೆ. ಹಲ್ಲಿನ ಹಿಂಭಾಗ ನೋಡುವ ಪುಟ್ಟ ಕನ್ನಡಿಯನ್ನು ಕಲ್ಲಿನ ಹಿಂದಕ್ಕೆ ಇಳಿಸಿ ನೋಡಿದೆ. ಅಲ್ಲೂ ಇದೇ ಕಾಡು.

ಸಾಹುಕಾರ ಬಂದ. ಹಳದಿ ಮೀನಿಗೆ ಆ ಹೆಸರಿಟ್ಟವಳು ನಾನು. ಅಂಗೈ ಅಗಲದ ಮೈ, ಊದಿದ ಹೊಟ್ಟೆ, ಯಾವ ಕೆಲಸವೂ ಮಾಡದ ಠೀವಿ. ಬೆಳಿಗ್ಗೆ ನನ್ನ ಕೈ ನೀರಿಗಿಳಿದರೆ ಹೆಬ್ಬೆರಳಿನ ಉಗುರು ಕಚ್ಚುತ್ತಾನೆ. ಬೇರೆ ಯಾರ ಕೈಗೂ ಬರುವುದಿಲ್ಲ. ಬರುತ್ತಿರಲಿಲ್ಲ, ಎಂದು ಬರೆಯಬೇಕು.

ಡಾಕ್ಟರ್ ಮೇಡಂ ಒಂಬತ್ತಕ್ಕೆ ಬಂದರು. ಟ್ಯಾಂಕಿನ ಮುಂದೆ ನಿಂತು ಮೂಗು ಮುರಿದರು. ಕಾಯುವ ಜಾಗದಲ್ಲಿ ಕೂತವರು ಇದನ್ನು ನೋಡಿ ನಮ್ಮ ಶುಚಿತ್ವದ ಬಗ್ಗೆ ಏನಂದುಕೊಳ್ಳಬೇಕು ಎಂದರು. ಕೊನೆಗೆ, "ತಿಂಗಳ ಕೊನೆ ತನಕ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಇದನ್ನ ತೆಗೆಸಿ ಟೀವಿ ಹಾಕಿಸ್ತೀನಿ."

ಟೀವಿಯಂತೆ. ರಿಸೆಪ್ಷನ್ನಿನಲ್ಲಿ ಕೂತು ಹನ್ನೆರಡು ವರ್ಷ. ಅದರಲ್ಲಿ ಎಂಟು ವರ್ಷ ನನ್ನ ಕುರ್ಚಿಯ ಎದುರು ಇದ್ದದ್ದು ಈ ನೀರು.

ಮೇಡಂ ಒಳಗೆ ಹೋದ ಮೇಲೆ ಸಾಹುಕಾರನಿಗೆ ಊಟ ಹಾಕಿದೆ. ಒಂದು ಚಿಟಿಕೆ. ಮನಸ್ಸು ಕೆಟ್ಟಿತ್ತು, ಇನ್ನೊಂದು ಹಾಕಿದೆ.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಬಾಟಲಿಯಲ್ಲಿ ನೀರು ತುಂಬಿಕೊಂಡು ಮೀನಿನ ಅಂಗಡಿಗೆ. ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ ಹನಿ ಹನಿ ಬಿಟ್ಟು ಪರೀಕ್ಷೆ ಮಾಡಿದರು. ನೈಟ್ರೇಟ್ ನಲವತ್ತು. ಫಾಸ್ಫೇಟ್ ಸೊನ್ನೆ ಪಾಯಿಂಟ್ ನಾಲ್ಕು. ನೈಟ್ರೇಟ್ ಹತ್ತರ ಒಳಗಿರಬೇಕಂತೆ, ಫಾಸ್ಫೇಟ್ ಸೊನ್ನೆ ಪಾಯಿಂಟ್ ಒಂದರ ಒಳಗೆ. ಮಿಕ್ಕ ಊಟ, ಮೀನಿನ ಹೇಲು, ಎಲ್ಲ ಕೊಳೆತು ಕೊನೆಗೆ ಇವೆರಡೇ ಆಗುತ್ತವೆ. ಪಾಚಿಗೆ ಅದೇ ಗೊಬ್ಬರ.

"ಇದು ನೀರಲ್ಲಿ ಹುಟ್ಟಿದ್ದಲ್ಲಮ್ಮ. ಮೇಲಿಂದ ಬಿದ್ದಿದ್ದು. ಎಷ್ಟು ಹಾಕ್ತೀರಿ ಊಟ?"

ದಿನಕ್ಕೆ ಒಂದು ಚಿಟಿಕೆ, ಎಂಟು ವರ್ಷದಿಂದ, ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಹಳದಿ ಮೀನು ಪಾಚಿ ಮೇಯುವ ಜಾತಿ, ನಿಮ್ಮದು ಮೇಯುವುದಿಲ್ಲವೇ ಎಂದು ಕೇಳಿದರು. ನಮ್ಮವನಿಗೆ ನಾಲಿಗೆ ರುಚಿ ಸ್ವಲ್ಪ ಜಾಸ್ತಿ, ಡಬ್ಬಿಯ ಕಾಳು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದೆ. ಹೇಳುವಾಗ ಹೆಮ್ಮೆಯೇ ಆಯಿತು.

ಮಾರ್ಚ್ 6, ಗುರುವಾರ

ಇವತ್ತು ಕಣ್ಣಾರೆ ಕಂಡೆ.

ಊಟದ ಡಬ್ಬಿ ತೊಳೆದು ಹಿಂದಿನ ಕೋಣೆಯಿಂದ ಬರುತ್ತಿದ್ದೆ. ಹೊಸಬಳು ಟ್ಯಾಂಕಿನ ಮುಚ್ಚಳ ಎತ್ತಿ ಕೈ ಇಳಿಸಿದ್ದಾಳೆ. ಹಲ್ಲು ಶುಚಿ ಮಾಡುವ ಕೆಲಸಕ್ಕೆಂದು ಮೇಡಂ ಮೂರು ತಿಂಗಳ ಹಿಂದೆ ತಂದವಳು. ವಯಸ್ಸು ಇಪ್ಪತ್ತಾರು. ಉದ್ದ ಬೆರಳು. ಸಾಹುಕಾರ ಆ ಬೆರಳುಗಳ ನಡುವೆ ನುಸುಳಿ ಹೋಗಿ ತಿರುಗಿ ಬಂದು ಮತ್ತೆ ನುಸುಳುತ್ತಿದ್ದ. ನನ್ನ ಬಳಿ ಎಂಟು ವರ್ಷದಲ್ಲಿ ಉಗುರು ಕಚ್ಚಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

"ಅಕ್ಕ, ನೋಡಿ ನೋಡಿ, ಕಚಗುಳಿ ಇಡ್ತಾನೆ."

ನೀರಿಗೆ ಇಳಿಸುವ ಮೊದಲು ಕೈಯ ಸೋಪು ತೊಳೆದುಕೊಂಡೆಯಾ ಎಂದು ಕೇಳಿದೆ. ತೊಳೆದುಕೊಂಡಿದ್ದಳಂತೆ, ಮೂರು ಸಲ. ಅದರಲ್ಲೂ ತಪ್ಪು ಸಿಗಲಿಲ್ಲ.

ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಐವತ್ತೆರಡು ವರ್ಷದ ಹೆಂಗಸು ಒಂದು ಮೀನಿಗಾಗಿ! ನಾಚಿಕೆಯೂ ಆಯಿತು. ನಾಚಿಕೆಯಾದರೂ ಕೆಂಡ ಆರಲಿಲ್ಲ.

ಅವಳು ಒಳಗೆ ಹೋದ ಮೇಲೆ ಸಾಹುಕಾರನನ್ನು ಕರೆದೆ. ಬಂದ. ಒಂದು ಚಿಟಿಕೆ ಹಾಕಿದೆ, ಯಾರು ಯಾರೆಂದು ಮರೆಯದಿರಲಿ ಎಂದು.

ಮಾರ್ಚ್ 7, ಶುಕ್ರವಾರ

ನೀರು ಬದಲಿಸುವ ದಿನ. ಡ್ರಮ್ಮಿನಲ್ಲಿ ಉಪ್ಪು ಬೆರೆಸಿಟ್ಟಿದ್ದ ನೀರು, ಮೂವತ್ತು ಲೀಟರ್ ಒಳಗೆ, ಮೂವತ್ತು ಲೀಟರ್ ಹೊರಗೆ. ನೀರು ಎಳೆಯುವ ಪೈಪಿನ ಜೊತೆಗೆ ಪಾಚಿಯನ್ನೂ ಎಳೆದೆ. ಸೊಂಟ ಹಿಡಿಯಿತು. ಹೊಸಬಳು ಬಕೆಟ್ಟು ಹಿಡಿಯಲು ಬಂದಳು. ಬೇಡ ಎಂದೆ. ಆದರೂ ಹಿಡಿದಳು.

ಈ ಪಾಚಿ ಹಲ್ಲಿನ ಮೇಲೆ ಕಟ್ಟುವ ಕೊಳೆಯ ಹಾಗೇ ಅಂತೆ. ಕೆರೆದು ತೆಗೆದರೆ ಸಾಲದು, ನಡುನಡುವೆ ತಿನ್ನುವುದನ್ನು ನಿಲ್ಲಿಸಬೇಕು ಎಂದು ದಿನಾ ಪೇಷೆಂಟುಗಳಿಗೆ ಹೇಳುತ್ತಾಳಂತೆ. ಹೌದಮ್ಮ ತಾಯಿ, ನಿನ್ನಿಂದಲೇ ಕಲಿಯಬೇಕಿತ್ತು ನಾನು.

ಮನೆಯಲ್ಲಿ ಹೇಳಿಕೊಂಡೆ. ನಮ್ಮನೆಯವರು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ಅಂದ್ರೆ ನಿನಗೀಗ ಸವತಿ ಬಂದ್ಲು ಅನ್ನು" ಎಂದರು. ಎದ್ದು ಹೋಗಿ ಪಾತ್ರೆ ಸದ್ದು ಮಾಡಿಕೊಂಡು ತೊಳೆದೆ.

ಮಾರ್ಚ್ 10, ಸೋಮವಾರ

ಅಂಗಡಿಯಿಂದ ಕಿಟ್ಟು ತಂದು ಈಗ ನಾನೇ ಪರೀಕ್ಷೆ ಮಾಡುತ್ತೇನೆ. ನೈಟ್ರೇಟ್ ಮೂವತ್ತು! ಇಳಿದಿದೆ. ಮೇಡಂಗೆ ತೋರಿಸಿದೆ. ಪರವಾಗಿಲ್ಲ ಎಂದರು. ಖುಷಿಗೆ ಸಾಹುಕಾರನಿಗೂ ಸ್ವಲ್ಪ.

ಮಾರ್ಚ್ 13, ಗುರುವಾರ

ಹಲ್ಲಿಗೆ ಕ್ಯಾಪು ಹಾಕಿಸಿಕೊಳ್ಳಲು ಬಂದಿದ್ದ ಟೀಚರಮ್ಮ ಹೊಸಬಳಿಗೆ ಹೇಳುತ್ತಿದ್ದರು — ನಿಮ್ಮ ಮೀನಿಗೆ ನಿಮ್ಮನ್ನು ಕಂಡರೆ ಎಷ್ಟು ಪ್ರೀತಿ, ನೀವು ಎದುರಿಗೆ ಹಾದು ಹೋದರೆ ಹಿಂದೆಯೇ ಬರುತ್ತದಲ್ಲ. ನಿಮ್ಮ ಮೀನು! ಆ ಟೀಚರಮ್ಮನಿಗೆ ಅಪಾಯಿಂಟ್‌ಮೆಂಟು ಕೊಡುತ್ತಾ ಬಂದವಳು ನಾನು, ಆರು ವರ್ಷದಿಂದ. ಆಗೆಲ್ಲ ಈ ಮೀನು ಯಾರದಾಗಿತ್ತು?

ಅವಳಾದರೂ ಇದು ಅಕ್ಕನ ಮೀನು ಎನ್ನಬಹುದಿತ್ತು. ಎಂದಳು ಕೂಡ. ನಗುತ್ತಾ ಎಂದಳು. ದಾನ ಕೊಟ್ಟವರ ಹಾಗೆ ಹೇಳಿದ್ದು ಇನ್ನೂ ಚುಚ್ಚಿತು.

ಮುಂದಿನ ಸಲ ಟೀಚರಮ್ಮನಿಗೆ ಬೆಳಿಗ್ಗೆ ಒಂಬತ್ತರ ಸಮಯ ಕೊಟ್ಟಿದ್ದೇನೆ. ಅವರಿಗೆ ಅದು ಆಗಿಬರುವುದಿಲ್ಲ ಎಂದು ಗೊತ್ತು.

ಮಾರ್ಚ್ 14, ಶುಕ್ರವಾರ

ಮತ್ತೆ ನಲವತ್ತು. ಫಾಸ್ಫೇಟ್ ಅಲ್ಲೇ ಗೂಟ ಹೊಡೆದುಕೊಂಡು ಕೂತಿದೆ. ಏನು ಕರ್ಮ.

ಕಾರಣ ಹುಡುಕಿದೆ. ದೀಪ ಹತ್ತು ಗಂಟೆ ಉರಿಯುತ್ತಿತ್ತು, ಏಳಕ್ಕಿಳಿಸಿದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರದ ಬಟ್ಟಲು ತೊಳೆದೆ. ಸೋಸುವ ಬಟ್ಟೆ ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದೇನೆ. ನೀರಿನ ಫಿಲ್ಟರು ಹೊಸದು. ಸತ್ತ ಬಸವನಹುಳು ಎಲ್ಲಾದರೂ ಕೊಳೆಯುತ್ತಿದೆಯೇ ಎಂದು ಕನ್ನಡಿಯಲ್ಲಿ ಮೂಲೆ ಮೂಲೆ ನೋಡಿದೆ. ಎಲ್ಲ ಸರಿ ಇದೆ.

ಎಲ್ಲ ಸರಿ ಇದ್ದ ಮೇಲೆ ಉಳಿದದ್ದು ಒಂದೇ. ಅವಳು ಕದ್ದು ಊಟ ಹಾಕುತ್ತಿದ್ದಾಳೆ. ಇಲ್ಲದಿದ್ದರೆ ಅವನೇಕೆ ಅವಳ ಹಿಂದೆ ಹೋಗುತ್ತಾನೆ?

ಮಾರ್ಚ್ 18, ಮಂಗಳವಾರ

ಕಾಳಿನ ಡಬ್ಬಿಯ ಹೊರಗೆ, ಕಾಳು ಎಲ್ಲಿಯವರೆಗಿದೆಯೋ ಅಲ್ಲಿ ಪೆನ್ನಿನಿಂದ ಸಣ್ಣ ಗೆರೆ ಎಳೆದೆ. ನೋಡೋಣ.

ನಾನು ಬೆಳಿಗ್ಗೆ ಹಾಕಿದ್ದು ಒಂದು. ಹನ್ನೊಂದಕ್ಕೆ ಅವಳು ಟ್ಯಾಂಕಿನ ಮುಂದೆ ನಿಂತು ಹೋದ ಮೇಲೆ ಒಂದು. ಸಂಜೆ ಬಾಗಿಲು ಹಾಕುವಾಗ ಒಂದು. ಇದು ಲೆಕ್ಕಕ್ಕಿಲ್ಲ, ಚಿಟಿಕೆ ಎಂದರೆ ಎಷ್ಟು ಮಹಾ.

ಮಾರ್ಚ್ 20, ಗುರುವಾರ

ಗೆರೆಯಿಂದ ಅರ್ಧ ಬೆರಳು ಕೆಳಗೆ. ಎರಡು ದಿನಕ್ಕೆ! ಡಬ್ಬಿ ಹಿಡಿದುಕೊಂಡು ನೇರ ಮೇಡಂ ಕೋಣೆಗೆ ಹೋದೆ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು ಸಾಕು.

ಮೇಡಂ ಅವಳನ್ನು ಕರೆಸಿದರು. ಅಳುತ್ತಾಳೆ, ಅಲ್ಲಗಳೆಯುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

"ಹೌದು ಮೇಡಂ, ಮಧ್ಯಾಹ್ನ ಒಂದ್ಸಲ ಹಾಕ್ತೀನಿ. ಬೆಳಿಗ್ಗೆ ಅಕ್ಕ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ. ಇವತ್ತಿಂದ ಬಿಟ್ಬಿಡ್ತೀನಿ."

ಅಷ್ಟೇ. ಮುಗಿಯಿತು. ಮೇಡಂ ಮುಖದಲ್ಲಿ ಕೋಪದ ಸುಳಿವಿಲ್ಲ. ಒಪ್ಪಿಕೊಂಡದ್ದು ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿ ಕಳಿಸಿದರು. ನಂತರ ನನ್ನ ಕಡೆ ತಿರುಗಿ, ನೀವು ದಿನಕ್ಕೆ ಒಂದೇ ಸಲ ತಾನೇ ಎಂದು ಕೇಳಿದರು. ಹೌದು ಎಂದೆ. ಮತ್ತೇನು ಹೇಳಲಿ.

ಕಳ್ಳಿಯನ್ನು ಹಿಡಿದವಳು ನಾನು. ಬೆನ್ನು ತಟ್ಟಿಸಿಕೊಂಡವಳು ಅವಳು.

ಮಾರ್ಚ್ 21, ಶುಕ್ರವಾರ

ಹೇಳಿದ ಹಾಗೆ ಬಿಟ್ಟಿದ್ದಾಳೆ. ಟ್ಯಾಂಕಿನ ಹತ್ತಿರ ಹೋದರೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸಾಹುಕಾರ ಮೇಲೆ ಬಂದು ಬಾಯಿ ಬಿಡುತ್ತಾ ಅವಳು ಬರುವ ದಾರಿ ಕಾಯುತ್ತಿದ್ದ. ನನಗೆ ನೋಡಲಾಗಲಿಲ್ಲ. ಅವಳ ಪಾಲಿನದನ್ನು ನಾನೇ ಹಾಕಿದೆ. ಮಧ್ಯಾಹ್ನ ಊಟ ಕೊಡುವವರು ಯಾರೆಂದು ಇನ್ನು ಅವನಿಗೂ ಗೊತ್ತಾಗಲಿ.

ಮಾರ್ಚ್ 25, ಮಂಗಳವಾರ

ನೈಟ್ರೇಟ್ ನಲವತ್ತೈದು.

ಹೊಸಬಳು ಒಂದು ಹಾಳೆಯ ಮೇಲೆ ಚೌಕ ಚೌಕ ಎಳೆದು, ಮೂರು ವಾರದ ಸಂಖ್ಯೆಗಳನ್ನು ಬಣ್ಣದಲ್ಲಿ ಬರೆದು, ಯಾವ ದಿನ ಏನು ಮಾಡಬೇಕು ಎಂದು ಪಟ್ಟಿ ಮಾಡಿ ಮೇಡಂಗೆ ಕೊಟ್ಟಿದ್ದಾಳೆ. ಪರೀಕ್ಷೆ ಮಾಡಿದವಳು ನಾನು, ಅಂಕಿ ನನ್ನವು, ಬಣ್ಣ ಮಾತ್ರ ಅವಳದ್ದು. ಮೇಡಂ ಅದನ್ನು ಗೋಡೆಗೆ ಅಂಟಿಸಿದ್ದಾರೆ.

ಸಂಜೆ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದರು. ಸೋಮವಾರ ಟೀವಿಯವನು ಬರುತ್ತಾನೆ. ಅಷ್ಟರಲ್ಲಿ ಸ್ವಲ್ಪವಾದರೂ ಸುಧಾರಿಸಿದರೆ ಟ್ಯಾಂಕು ಉಳಿಸುತ್ತಾರಂತೆ. ಆದರೆ ಉಳಿಸಿದರೆ, "ಒಂದನೇ ತಾರೀಕಿಂದ ಅವಳಿಗೆ ಬಿಟ್ಬಿಡಿ. ನಿಮಗೂ ಸೊಂಟನೋವು, ಎಂಟು ವರ್ಷ ನೋಡ್ಕೊಂಡಿದ್ದೀರಿ, ಸಾಕು."

ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎಂದು ಅವರ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅದಕ್ಕೇ ತಡೆಯಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮನೆಗೆ ಹೋಗುವ ದಾರಿಯಲ್ಲಿ ಮೀನಿನ ಅಂಗಡಿ. ಫಾಸ್ಫೇಟನ್ನು ಹಿಡಿದು ಗಟ್ಟಿ ಮಾಡಿ ತೆಗೆಯುವ ದ್ರವ ಕೊಟ್ಟರು. ಯಜಮಾನರು ಎರಡೆರಡು ಸಲ ಹೇಳಿದರು — ಸೋಸುವ ಬಟ್ಟೆಯ ಮೇಲೆ ಹನಿಹನಿಯಾಗಿ, ದಿನಕ್ಕೆ ಇಷ್ಟೇ, ಎರಡು ವಾರ ಹಿಡಿಯುತ್ತದೆ, ಅವಸರ ಮಾಡಿದರೆ ಹಳದಿ ಮೀನು ತಡೆದುಕೊಳ್ಳುವುದಿಲ್ಲ. ಹೂಂ ಹೂಂ ಎಂದೆ.

ಎರಡು ವಾರ ಯಾರ ಹತ್ತಿರ ಇದೆ. ನನಗಿರುವುದು ಐದು ದಿನ. ನಾನೇ ಸರಿ ಮಾಡಿ ತೋರಿಸಿದರೆ ಮೇಡಂ ಯಾವ ಬಾಯಲ್ಲಿ ಅವಳಿಗೆ ಕೊಡುತ್ತಾರೆ?

ಮಾರ್ಚ್ 26, ಬುಧವಾರ, ಸಂಜೆ ಏಳು

ಬರೆಯಲೇಬೇಕು.

ಬೆಳಿಗ್ಗೆ ಏಳೂವರೆಗೇ ಹೋದೆ. ಮೊದಲು ಹೇಳಿದ ಹಾಗೆಯೇ ಹನಿ ಬಿಟ್ಟೆ. ಹತ್ತು ಹನಿ. ಗೋಡೆಯ ಮೇಲೆ ಅವಳ ಬಣ್ಣದ ಹಾಳೆ ಕಾಣುತ್ತಿತ್ತು. ಒಂದನೇ ತಾರೀಕಿನ ಚೌಕದಲ್ಲಿ ನಗುವ ಮುಖ ಬರೆದಿದ್ದಾಳೆ. ಬಾಟಲಿ ಓರೆ ಮಾಡಿದೆ. ಬಟ್ಟೆಯ ಮೇಲೂ ಅಲ್ಲ, ನೇರ ನೀರಿಗೆ. ಎಷ್ಟು ಹೋಯಿತೋ. ಕಾಲು ಬಾಟಲಿ ಇರಬಹುದು.

ನೀರು ಹಾಲಾಯಿತು. ಆಚೆಬದಿಯ ಗಾಜು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ ಎಂದು ಕುರ್ಚಿಯಲ್ಲಿ ಕೂತೆ. ಎಂಟೂಕಾಲಿಗೆ ಸಾಹುಕಾರ ಮೇಲಿನ ಮೂಲೆಯಲ್ಲಿ ಕಂಡ. ಕಿವಿರು ಪಟಪಟ ಬಡಿಯುತ್ತಿತ್ತು. ಹಳದಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದ. ನೋಡುನೋಡುತ್ತಿದ್ದಂತೆ ಒಂದು ಮಗ್ಗುಲಿಗೆ ವಾಲಿದ.

ಅವಳು ಬಂದಳು. ಚೀಲ ಎಸೆದು ಓಡಿ ಬಂದಳು. ಏನಾಯಿತು ಎಂದು ಕೇಳಿದಳು. ಗೊತ್ತಿಲ್ಲ, ಬಂದಾಗಲೇ ಹೀಗಿತ್ತು ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಸಾಹುಕಾರ ತಳಕ್ಕೆ ಇಳಿದ. ಅವಳು ಭುಜದವರೆಗೆ ಕೈ ಹಾಕಿ ಅವನನ್ನು ಎತ್ತಿ ಪಂಪಿನ ನೀರು ಮುಖಕ್ಕೆ ಬರುವ ಹಾಗೆ ಹಿಡಿದಳು. ನನ್ನ ಕಡೆ ತಿರುಗದೆಯೇ ಕೇಳಿದಳು.

"ಅಕ್ಕ, ಏನಾದ್ರೂ ಹಾಕಿದ್ರಾ? ಬೈಯೋಕಲ್ಲ ಕೇಳ್ತಿರೋದು. ಏನು ಅಂತ ಗೊತ್ತಾದ್ರೆ ಉಳಿಸ್ಬಹುದು."

ಬಾಟಲಿ ತಂದು ತೋರಿಸಿದೆ.

ಅಂಗಡಿಯವರಿಗೆ ಫೋನು ಮಾಡಿದೆ. ಅವರು ಹೇಳಿದ್ದನ್ನೆಲ್ಲ ಮಾಡಿದೆ — ಶುಕ್ರವಾರಕ್ಕೆಂದು ಬೆರೆಸಿಟ್ಟಿದ್ದ ಡ್ರಮ್ಮಿನ ನೀರೆಲ್ಲ ಒಳಗೆ, ಹಳೆಯದು ಹೊರಗೆ, ಸೋಸುವ ಬಟ್ಟೆ ಹತ್ತು ನಿಮಿಷಕ್ಕೊಂದು. ಬಟ್ಟೆಯ ಮೇಲೆ ಸುಣ್ಣದಂಥ ಪುಡಿ. ಒಳಗೆ ಕುರ್ಚಿಯಲ್ಲಿ ಬಾಯಿ ಮರಗಟ್ಟಿಸಿಕೊಂಡ ಪೇಷೆಂಟು, ಹೊರಗೆ ನಾವಿಬ್ಬರು ಒದ್ದೆಮುದ್ದೆ. ಮೇಡಂ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಒಂದು ಮಾತು ಇಲ್ಲಿ ಬರೆಯದೆ ಎಲ್ಲಿ ಬರೆಯಲಿ. ಒಂದು ಗಂಟೆ ಅವಳು ಅವನನ್ನು ಹಾಗೇ ಹಿಡಿದು ನಿಂತಿದ್ದಳು. ಅವಳ ಅಂಗೈಯಲ್ಲಿ ಅವನು ಮಲಗಿದ್ದ. ಸಾಯುತ್ತಾನೆ ಎಂದು ನನ್ನ ಎದೆ ಒಡೆಯುತ್ತಿತ್ತು. ಆಗಲೂ ಹೊಟ್ಟೆ ಉರಿಯಿತು. ನಾನು ಬಕೆಟ್ಟು ಹೊರುತ್ತಿದ್ದೇನೆ, ಅವನಿರುವುದು ಅವಳ ಕೈಯಲ್ಲಿ ಎಂದು.

ಸಂಜೆ ಐದರ ಹೊತ್ತಿಗೆ ತಾನೇ ನೇರ ನಿಂತ. ಈಜಲಿಲ್ಲ. ನಿಂತಿದ್ದ.

ಮಾರ್ಚ್ 27, ಗುರುವಾರ

ಇದ್ದಾನೆ. ಬಣ್ಣ ಅರ್ಧ ಬಂದಿದೆ. ಎರಡು ಹವಳ ಹೋದವು, ಮೆತ್ತಗಾಗಿ ಕಳಚಿಕೊಂಡವು.

ಮಾರ್ಚ್ 28, ಶುಕ್ರವಾರ

ಅಂಗಡಿಯ ಯಜಮಾನರು ತಾವಾಗಿಯೇ ನೋಡಲು ಬಂದರು. ಮೇಡಂ, ಹೊಸಬಳು, ನಾನು ಮೂವರೂ ಟ್ಯಾಂಕಿನ ಮುಂದೆ, ಶಾಲೆಯಲ್ಲಿ ತಪ್ಪು ಮಾಡಿ ನಿಂತವರ ಸಾಲು. ಅವರು ಸಾಹುಕಾರನ ಹೊಟ್ಟೆ ತೋರಿಸಿ, ಇದು ದಿನಕ್ಕೆ ಒಂದು ಚಿಟಿಕೆ ತಿಂದ ಹೊಟ್ಟೆಯಲ್ಲ ಎಂದರು. ಹಸಿವಾದರೆ ತಾನೇ ಪಾಚಿಯ ಕಡೆ ಮುಖ ಹಾಕುವುದು. ಇವನಿಗೆ ಹಸಿವು ಏನೆಂದೇ ಗೊತ್ತಿಲ್ಲ.

ನಾನೇ ಮೊದಲು ಬಾಯಿ ಬಿಟ್ಟೆ. ಒಂದಲ್ಲ, ಮೂರು. ಕೆಲವು ದಿನ ನಾಲ್ಕು. ಇವಳು ಬಿಟ್ಟ ಮೇಲೆ ಇವಳದ್ದೂ ನಾನೇ. ಬುಧವಾರ ಸುರಿದವಳೂ ನಾನೇ.

ಆಗ ಮೇಡಂ ಗಂಟಲು ಸರಿಮಾಡಿಕೊಂಡು, ಮಧ್ಯೆ ಬಿಡುವಾದಾಗ ತಾವೂ ಒಂದಿಷ್ಟು ಹಾಕುತ್ತಿದ್ದುದುಂಟು ಎಂದರು. ಪೇಷೆಂಟುಗಳೆಲ್ಲ ತಮ್ಮನ್ನು ಕಂಡರೆ ಹೆದರುತ್ತಾರಂತೆ. ಇವನೊಬ್ಬ ಓಡಿ ಬರುತ್ತಿದ್ದನಂತೆ.

ಮೂರು ಜನ! ಒಬ್ಬೊಬ್ಬರಿಗೂ ತಮ್ಮ ಕೈಯೇ ಇಷ್ಟವೆಂಬ ಭ್ರಮೆ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು, ನಗು ತಡೆಯಲು ಇರಬೇಕು.

"ಒಂದೇ ಕೈ. ಯಾರದಾದ್ರೂ ಆಗ್ಲಿ, ಒಂದೇ ಕೈ. ದಿನಕ್ಕೊಂದು ಚಿಟಿಕೆ. ಉಳಿದವರು ನೋಡ್ಕೊಂಡಿರಿ."

ಮೇಡಂ ಟೀವಿಯವನನ್ನು ಏಪ್ರಿಲ್ ಮೂವತ್ತಕ್ಕೆ ಮುಂದೂಡಿದ್ದಾರೆ. ಅಷ್ಟರಲ್ಲಿ ನೈಟ್ರೇಟ್ ಹತ್ತಕ್ಕೆ ಬರಬೇಕು, ಬಂದರೆ ಟ್ಯಾಂಕು ಇರುತ್ತದೆ, ಇಲ್ಲದಿದ್ದರೆ ಸಾಹುಕಾರನನ್ನು ಅಂಗಡಿಯವರು ಒಯ್ಯುತ್ತಾರೆ. ಕೈ ಯಾರದು ಎಂದು ನಾವಿಬ್ಬರು ಸೋಮವಾರದೊಳಗೆ ಹೇಳಬೇಕು. ಮೇಡಂ ತಾವೇ ಹಿಂದೆ ಸರಿದರು.

ಹೊಸಬಳು ಕೋಟು ಬಿಚ್ಚುತ್ತಾ ಹೇಳಿದಳು, "ನೀವೇ ಹಾಕಿ ಅಕ್ಕ. ನೀವು ಮೊದಲಿನವರು."

ಕೊಟ್ಟುಬಿಟ್ಟಳು! ಅಷ್ಟು ಸುಲಭವಾಗಿ. ಅವಳು ಜಗಳವಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಾರ್ಚ್ 30, ಭಾನುವಾರ

ಮನೆಯಲ್ಲಿದ್ದೇನೆ. ಈ ಪುಸ್ತಕವನ್ನೇ ಮೊದಲಿಂದ ಓದಿದೆ. ನಾನೇ ಬರೆದದ್ದು. ಬೇಸರವಾಯಿತು, ಹಾಕಿದೆ. ಖುಷಿಯಾಯಿತು, ಹಾಕಿದೆ. ಅವಳನ್ನು ಕಂಡೆ, ಹಾಕಿದೆ. ಅವಳು ಹೋದಳು, ಹಾಕಿದೆ. ಅವನಿಗೆ ಹಸಿವಾಗಿತ್ತು, ಅದಕ್ಕೆ ಹಾಕಿದೆ ಎಂದು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಒಂದು ಕಡೆಯೂ ಇಲ್ಲ.

ನಮ್ಮನೆಯವರಿಗೆ ಓದಲು ಕೊಡಲಿಲ್ಲ, ಬಾಯಲ್ಲಿ ಹೇಳಿದೆ. ಈ ಸಲ ಮೆಷಿನ್ನು ನಿಲ್ಲಿಸಿ ಕೇಳಿದರು. ತಮಾಷೆ ಮಾಡಲಿಲ್ಲ. ಹೇಳಿ ಮುಗಿದ ಮೇಲೆ, "ನಿನ್ನ ಕೈ ನಿನ್ನ ಮಾತು ಕೇಳುತ್ತಾ?" ಎಂದು ಮಾತ್ರ ಕೇಳಿದರು.

ಮಾರ್ಚ್ 31, ಸೋಮವಾರ

ಡಬ್ಬಿ ಅವಳ ಕೈಗೆ ಕೊಟ್ಟೆ. ಮೇಡಂ ಎದುರಿಗೇ. ಗಾಜು, ಪಾಚಿ, ನೀರು, ಪರೀಕ್ಷೆ ನನ್ನದು, ಊಟ ಅವಳದ್ದು ಎಂದೆ. ಅವಳು ಬೇಡ ಬೇಡ ಎನ್ನುತ್ತಾ ತೆಗೆದುಕೊಂಡಳು.

ದೊಡ್ಡ ಮನಸ್ಸು ಎಂದರು ಮೇಡಂ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಕೊಟ್ಟ ಮರುಗಳಿಗೆಗೇ ಕಿತ್ತುಕೊಳ್ಳೋಣ ಅನ್ನಿಸಿತು.

ಏಪ್ರಿಲ್ 9, ಬುಧವಾರ

ಒಂಬತ್ತು ದಿನ ಬರೆಯಲು ಮನಸ್ಸಾಗಲಿಲ್ಲ. ದಿನಾ ಒಂಬತ್ತಕ್ಕೆ ಅವಳು ಹಾಕುತ್ತಾಳೆ, ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿ ಕೂರುತ್ತೇನೆ. ಒಂದೇ ಚಿಟಿಕೆ, ಒಂದು ಕಾಳು ಹೆಚ್ಚಿಲ್ಲ. ಅವಳ ಕೈ ಅವಳ ಮಾತು ಕೇಳುತ್ತದೆ.

ಸಾಹುಕಾರ ಮೊದಮೊದಲು ನನ್ನ ಕುರ್ಚಿಯ ಕಡೆಯ ಗಾಜಿಗೆ ಬಂದು ನಿಲ್ಲುತ್ತಿದ್ದ. ನಾನು ಏಳುತ್ತಿರಲಿಲ್ಲ. ಈಗ ಬರುವುದು ಕಡಿಮೆಯಾಗಿದೆ. ನನ್ನನ್ನು ಮರೆಯುತ್ತಿದ್ದಾನೆ. ಹೇಳಿದ ಮಾತಿಗೆ ನಡೆದುಕೊಂಡದ್ದಕ್ಕೆ ಸಿಕ್ಕ ಸಂಬಳ ಇದು.

ನೈಟ್ರೇಟ್ ಇಪ್ಪತ್ತೈದು.

ಏಪ್ರಿಲ್ 17, ಗುರುವಾರ

ಇವತ್ತು ಸಾಹುಕಾರ ಪಾಚಿ ತಿಂದ. ಎಂಟು ವರ್ಷದಲ್ಲಿ ಮೊದಲ ಸಲ ನೋಡಿದೆ. ಕಲ್ಲಿಗೆ ಬಾಯಿ ಹಚ್ಚಿ, ಎಳೆ ಹಿಡಿದು, ಮೈಯೆಲ್ಲ ಜಗ್ಗಿ ಕಿತ್ತ. ಹೊಟ್ಟೆ ಒಳಕ್ಕೆ ಹೋಗಿದೆ. ಚುರುಕಾಗಿದ್ದಾನೆ. ಅವನು ಮೇಯುತ್ತಾ ಹೋದ ಕಡೆ ಕಲ್ಲಿನ ನೇರಳೆ ಬಣ್ಣ ಕಾಣುತ್ತಿದೆ.

ಹೊಸಬಳನ್ನು ಕೂಗಿದೆ. ಇಬ್ಬರೂ ಪಕ್ಕಪಕ್ಕ ನಿಂತು ನೋಡಿದೆವು. ನಮ್ಮಿಬ್ಬರ ಕಡೆಯೂ ಅವನು ತಿರುಗಲಿಲ್ಲ. ಅವಳ ಕಡೆಯೂ ತಿರುಗಲಿಲ್ಲ ಎಂದು ನನಗೆ ಒಳಗೊಳಗೇ ಹಿತವಾಯಿತು. ಇದನ್ನೂ ಬರೆದಿಡುತ್ತೇನೆ, ಇಲ್ಲಿ ಸುಳ್ಳು ಹೇಳಿ ಏನಾಗಬೇಕು.

ನೈಟ್ರೇಟ್ ಹದಿನಾಲ್ಕು. ಫಾಸ್ಫೇಟ್ ಸೊನ್ನೆ ಪಾಯಿಂಟ್ ಒಂದು ಐದು. ಇನ್ನು ಹದಿಮೂರು ದಿನ.

ಏಪ್ರಿಲ್ 23, ಬುಧವಾರ

ಹನ್ನೆರಡಕ್ಕೆ ನಿಂತಿದೆ. ಇಳಿಯುತ್ತದೆ, ಆದರೆ ಕೂದಲೆಳೆಯ ಮೇಲೆ. ಒಂದು ದಿನದ ಎಡವಟ್ಟು ಸಾಕು ಎಂದರು ಅಂಗಡಿಯವರು.

ಹೊಸಬಳಿಗೇ ಹಲ್ಲುನೋವು! ದವಡೆಯ ಕೊನೆಯ ಹಲ್ಲು. ನಾಳೆ ಬೆಳಿಗ್ಗೆ ಮೊದಲಿಗೆ ಮೇಡಂ ಅದನ್ನು ತೆಗೆಯುತ್ತಾರೆ. ಆಮೇಲೆ ಎರಡು ದಿನ ರಜೆ. ಮುಖ ಹಿಡಿದುಕೊಂಡು ಬಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟಳು.

"ನಾಳೆ ನಾನೇ ಹಾಕ್ತೀನಿ. ಶುಕ್ರವಾರ, ಶನಿವಾರ ನೀವೇ ನೋಡ್ಕೊಳ್ಳಿ ಅಕ್ಕ."

ಎಷ್ಟು ಹಾಕಬೇಕು ಎಂದು ಹೇಳಲಿಲ್ಲ. ಒಂದೇ ಒಂದು ಚಿಟಿಕೆ ಎಂದು ಎಚ್ಚರಿಸಲೂ ಇಲ್ಲ.

ಏಪ್ರಿಲ್ 25, ಶುಕ್ರವಾರ, ಬೆಳಿಗ್ಗೆ ಒಂಬತ್ತೂ ಹತ್ತು

ಹಾಕಿದೆ. ಒಂದು.

ಇವತ್ತು ಮೇಡಂ ಬರುವುದು ಹತ್ತೂವರೆಗೆ. ಮೊದಲ ಪೇಷೆಂಟು ಹನ್ನೊಂದಕ್ಕೆ. ಯಾರೂ ಇಲ್ಲ.

ಬಂದ. ನನ್ನ ಕೈ ಮೇಲೆ ಕಂಡ ಕೂಡಲೇ ಆ ತುದಿಯಿಂದ ಈ ತುದಿಗೆ ಬಂದುಬಿಟ್ಟ. ಉಗುರು ಕಚ್ಚಿದ. ಈ ಕೈಯಿಂದ ಊಟ ನಿಂತು ಇಪ್ಪತ್ತೈದು ದಿನವಾದರೂ ಮರೆತಿಲ್ಲ, ಅದೇ ಉಗುರು. ಅವಳಿಗೆ ಹೀಗೆ ಕಚ್ಚಿದ್ದನ್ನು ನಾನು ನೋಡಿಲ್ಲ.

ಒಂಬತ್ತೂ ಇಪ್ಪತ್ತು

ಹೋಗಿಲ್ಲ. ಗಾಜಿಗೆ ಬಾಯಿ ಒತ್ತಿ ನನ್ನನ್ನೇ ನೋಡುತ್ತಾ ನಿಂತಿದ್ದಾನೆ. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಡಬ್ಬಿ ಇಲ್ಲೇ ಮೇಜಿನ ಮೇಲಿದೆ. ಮುಚ್ಚಳ ಹಾಕಿದ್ದೇನೆ. ಅವಳ ಪಾಲಿನ ಪ್ರೀತಿಯೂ ಸೇರಿ ಇವತ್ತೊಂದು ದಿನ ಎಲ್ಲವೂ ನನ್ನದು, ನಾಳೆಯೊಂದು ದಿನ. ಸೋಮವಾರ ಅವಳು ಬರುತ್ತಾಳೆ.

ಬಲಗೈಗೆ ಪೆನ್ನು ಕೊಟ್ಟಿದ್ದೇನೆ. ಬರೆಯುತ್ತಿರುವ ತನಕ ಅದು ಬೇರೆ ಕೆಲಸಕ್ಕೆ ಹೋಗದು. ಮೇಡಂ ಬರುವ ತನಕ ಬರೆಯುತ್ತಲೇ ಇರುತ್ತೇನೆ. ಏನು ಬರೆಯಲಿ. ನೀರಿನ ಬಿಸಿ ಇಪ್ಪತ್ತೈದು. ಉಪ್ಪು ಸರಿಯಾಗಿದೆ. ಮುಂದಿನ ಗಾಜು ಸ್ವಚ್ಛ. ಎಡಗಡೆ ಸ್ವಲ್ಪ ಹಸಿರು, ಮಧ್ಯಾಹ್ನ ಉಜ್ಜಬೇಕು. ದೊಡ್ಡ ಹವಳ ಅರಳಿದೆ. ನೈಟ್ರೇಟ್ ನಿನ್ನೆ ಹನ್ನೊಂದು. ಇನ್ನೂ ಹೋಗಿಲ್ಲ ಅವನು. ಹೊಟ್ಟೆ ಎಷ್ಟು ಒಳಕ್ಕೆ ಹೋಗಿದೆ. ಇದು ಹಸಿವೇ ಇರಬೇಕು, ಈ ಸಲ ನಿಜವಾಗಿ ಹಸಿವೇ. ಬಲಗಡೆಯ ಗಾಜು ಸ್ವಚ್ಛ. ಸೋಸುವ ಬಟ್ಟೆ ನಿನ್ನೆ ಬದಲಿಸಿದ್ದು. ಹಿಂದಿನ ಗಾಜು